ಮುದುಕನ ಗೊರಕೆ

ಜನವರಿ 9, ಶನಿವಾರ

ಮುದುಕನ ಗೊರಕೆ ನಿಂತುಹೋಯಿತಂತೆ. ಅಣ್ಣ ಹೇಳಿದ. ಹೇಳುವಾಗ ಅವನ ಮುಖ ನೋಡಬೇಕಿತ್ತು, ಲಾಟರಿ ಹೊಡೆದವನ ಮುಖ.

ಮುದುಕ ಅಂದರೆ ಅಣ್ಣನ ಆಂಪ್ಲಿಫೈಯರ್. ನಮ್ಮಿಬ್ಬರಿಗಿಂತ ವಯಸ್ಸಾದ ಪೆಟ್ಟಿಗೆ. ಬಾಗಿಲು ಮುಚ್ಚಿದ ಯಾವುದೋ ಡಾನ್ಸ್ ಹಾಲಿನಿಂದ ಅಪ್ಪ ಹೊತ್ತುಕೊಂಡು ಬಂದದ್ದು. ಅದರ ಜೊತೆಗೇ ಅಣ್ಣನ ಗಿಟಾರೂ ಬಂತು. ಮುಂದಿನ ಬಟ್ಟೆ ಹರಿದಿದೆ, ಮೂಲೆಗಳು ಸವೆದಿವೆ, ಒಳಗೆ ಗಾಜಿನ ವಾಲ್ವುಗಳು. ಆನ್ ಮಾಡಿ ಕಾಯಬೇಕು. ವಾಲ್ವು ಬಿಸಿಯಾಗಿ, ಧೂಳು ಸುಟ್ಟ ವಾಸನೆ ಬಂದು, ಆಮೇಲೆ ಗೂಂ ಅಂತ ಶುರುವಾಗುತ್ತೆ. ಯಾರೂ ಏನೂ ನುಡಿಸದೇ ಇದ್ದರೂ ಗೂಂ ಅಂತಲೇ ಇರುತ್ತೆ. ಅದೇ ಗೊರಕೆ. ನಂಗೆ ಬುದ್ಧಿ ಬಂದಾಗಿನಿಂದ ಕೇಳ್ತಿರೋ ಸದ್ದು. ಅದರ ಕೆಂಪು ದೀಪ ಯಾವ ಕಾಲದಲ್ಲೋ ಸುಟ್ಟುಹೋಯಿತು. ಸ್ವಿಚ್ಚೂ ಸಡಿಲ, ಕೆಳಗೆ ಒತ್ತಿದರೂ ಒಮ್ಮೊಮ್ಮೆ ಆಫ್ ಆಗಲ್ಲ. ಅದಕ್ಕೇ ಅಪ್ಪ ಒಂದು ಕಾನೂನು ಮಾಡಿಟ್ಟಿದ್ದ: ಸ್ವಿಚ್ಚನ್ನು ನಂಬಬೇಡಿ, ಕಿವಿ ನಂಬಿ. ಗೊರಕೆ ಒಂದು ಮೆಟ್ಟಿಲು ಇಳಿದು, ಸಣ್ಣದಾಗಿ, ಪೂರ್ತಿ ನಿಂತ ಮೇಲೇ ಮುದುಕನ ಹೊಟ್ಟೆಗೆ ಕೈ ಹಾಕಿ. ಒಳಗಿರೋ ಕರೆಂಟು ಆಳನ್ನು ಎತ್ತಿ ಬಿಸಾಕುತ್ತೆ.

ಇವತ್ತು ಹೋಟೆಲಿನ ಊಟದ ಹಾಲಿನಲ್ಲಿ ಸಾಮಾನು ಇಳಿಸಿ ಜೋಡಿಸ್ತಿದ್ದೆವು. ನಮ್ಮ ಬ್ಯಾಂಡು ಅಂದರೆ ನಾಲ್ಕು ಜನ. ಗಿಟಾರಿಗೆ ಅಣ್ಣ, ಬೇಸ್ ಗಿಟಾರಿಗೆ ನಾನು, ಕೀಬೋರ್ಡಿಗೆ ಶಾಲೇಲಿ ಲೆಕ್ಕ ಹೇಳಿಕೊಡೋ ಮೇಷ್ಟ್ರು, ಡ್ರಮ್ಮಿಗೆ ಗುಡುಗು. ಗುಡುಗಿಗೆ ಮನೆಯವರಿಟ್ಟ ಹೆಸರು ಬೇರೆ ಇದೆ, ಅವನ ಹೆಂಡತಿಯೂ ಅದನ್ನು ಮರೆತಿದಾಳೆ. ಅಣ್ಣ ಮುದುಕನನ್ನು ಆನ್ ಮಾಡಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕಾದ. ಇನ್ನೂ ಕಾದ. ಆಮೇಲೆ ನನ್ನ ತೋಳು ಹಿಡಿದು ಎಳೆದ.

"ಪುಟ್ಟೀ, ಕೇಳಿಸ್ಕೋ! ಗೊರಕೆ ನಿಂತುಬಿಟ್ಟಿದೆ ಕಣೇ! ತಾನಾಗೇ ಸರಿಹೋಗಿದೆ!"

ಮುದುಕ ಗೊರಕೆ ಹೊಡೀತಾನೇ ಇದ್ದ. ಮೊದಲಿನ ಜೋರಿಲ್ಲ ಅಂತ ನಂಗೆ ಅನ್ನಿಸಿದರೂ, ಹೊಡೀತಿದ್ದ. ಪಕ್ಕದ ಮೇಜಿಗೆ ಚಮಚ ಇಡ್ತಿದ್ದವಳು ಕೂಡ ಎಲ್ಲಿಂದ ಈ ಸದ್ದು ಅಂತ ತಿರುಗಿ ನೋಡಿದಳು.

ಊಟಕ್ಕೆ ಜನ ಆಗಲೇ ಬಂದು ಕೂತಿದ್ದರು. ಅಣ್ಣ ನಗ್ತಾ ನನ್ನ ಬಾಯನ್ನೇ ನೋಡ್ತಿದ್ದ.

"ಹೂಂ ಅಣ್ಣ, ನಿಂತಿದೆ," ಅಂದೆ.

ಯಾಕೆ ಹಾಗಂದೆ? ನುಡಿಸೋಕೆ ಮುಂಚೆ ಮನಸ್ಸು ಕೆಡಿಸಬಾರದು ಅಂತ. ಅಷ್ಟೇ. ಸೋಮವಾರ ಹೇಳ್ತೀನಿ.

ಜನವರಿ 10, ಭಾನುವಾರ

ಬೆಳಗ್ಗೆಯಿಂದ ಅದೇ ತಲೆ ತಿಂತಿದೆ. ಕೂತು ನೆನೆಸಿಕೊಂಡರೆ ಒಂದೊಂದೇ ಹೊರಗೆ ಬರುತ್ತೆ. ಬಾಗಿಲು ಬಡಿದರೆ ಅಣ್ಣ ಏಳಲ್ಲ. ಫೋನಿನಲ್ಲಿ ಹೂಂ ಹೂಂ ಅಂದು ಇಟ್ಟುಬಿಡ್ತಾನೆ, ಏನಂದರು ಅಂತ ಕೇಳಿದರೆ ಹಾರಿಕೆಯ ಉತ್ತರ. ಅತ್ತಿಗೆ ಅಡುಗೆಮನೆಯಿಂದ ಕೂಗಿ ಕೂಗಿ ಸುಸ್ತಾಗಿ, "ನಿಮ್ಮಣ್ಣನಿಗೆ ನನ್ನ ಮಾತು ಕಿವಿಗೇ ಬೀಳಲ್ಲ ಪುಟ್ಟಿ," ಅಂದಾಗ ನಾನೇ ನಕ್ಕಿದ್ದೆ. "ಹೆಂಡತಿ ಮಾತು ಕೇಳಿಸದೇ ಇರೋದು ಹೊಸ ರೋಗವಾ ಅತ್ತಿಗೆ? ಲೋಕದ ಅರ್ಧ ಗಂಡಸರಿಗಿದೆ."

ವಿಚಿತ್ರ ಅಂದರೆ ಬ್ಯಾಂಡಿನ ಗದ್ದಲದಲ್ಲಿ ಅವನಿಗೆ ಎಲ್ಲಾ ಕೇಳುತ್ತೆ. ಮೇಷ್ಟ್ರು ಒಂದು ಸ್ವರ ತಪ್ಪಿದರೂ ಕಣ್ಣು ಕೆಂಪಗೆ ಮಾಡಿ ನೋಡ್ತಾನೆ. ಸದ್ದಿಲ್ಲದ ಮನೇಲೇ ಅವನಿಗೆ ಕಿವಿ ಇಲ್ಲ.

ಅಮ್ಮನೂ ಕೊನೆಕೊನೆಗೆ ಹೀಗೇ ಇದ್ದಳು. ಊಟ ಆಯ್ತೇನಮ್ಮ ಅಂದರೆ ಹತ್ತೂವರೆ ಅನ್ನೋಳು. ನಾವು ಹೊಟ್ಟೆ ಹಿಡಿದುಕೊಂಡು ನಗ್ತಿದ್ದೆವು, ಯಾಕೆ ಅಂತ ತಿಳಿಯದೆ ಅಮ್ಮನೂ ನಮ್ಮ ಜೊತೆ ನಗೋಳು.

ಜನವರಿ 23, ಶನಿವಾರ

ಇನ್ನೂ ಹೇಳಿಲ್ಲ. ಹೇಳೋಕೆ ಬಾಯಿ ತೆಗೆದಾಗಲೆಲ್ಲ ಅವನು ಗಿಟಾರಿನ ತಂತಿ ಒರೆಸ್ತಾ ಕೂತಿರ್ತಾನೆ.

ಮ್ಯಾನೇಜರ್ ಬಂದು, ಗಿಟಾರು ಜೋರಾಯ್ತು, ಊಟಕ್ಕೆ ಬಂದವರು ಮಾತಾಡೋದು ಬೇಡವಾ ಅಂದರು. ಅಣ್ಣನ ಹತ್ತಿರ ಅಲ್ಲ, ನನ್ನ ಹತ್ತಿರ. ಅಣ್ಣನ ಹತ್ತಿರ ಹೇಳೋ ಧೈರ್ಯ ಯಾರಿಗಿದೆ? ಅದಕ್ಕೆ ಇವತ್ತು ಅವನು ಕೈ ತೊಳೆಯೋಕೆ ಹೋದಾಗ ಒಂದು ಕೆಲಸ ಮಾಡಿದೆ. ಮುದುಕನ ವಾಲ್ಯೂಮ್ ನಾಬಿನ ಸಣ್ಣ ಸ್ಕ್ರೂ ಸಡಿಲಿಸಿ, ನಾಬನ್ನು ಕಿತ್ತು, ತಿರುಗಿಸಿ ಕೂರಿಸಿದೆ. ಅಣ್ಣ ಯಾವಾಗಲೂ ನಾಲ್ಕಕ್ಕೆ ಇಡೋದು. ಇನ್ನು ಮುಂದೆ ಅವನ ನಾಲ್ಕು ಅಂದರೆ ನಿಜವಾಗಿ ಎರಡು. ಕಣ್ಣಿಗೆ ನಾಲ್ಕು ಕಂಡರೆ ಅವನಿಗೆ ಸಮಾಧಾನ, ಮ್ಯಾನೇಜರಿಗೂ ಸಮಾಧಾನ.

ಮೇಷ್ಟ್ರು ನೋಡಿಬಿಟ್ಟರು. ಏನೋ ಗೊಣಗಿದರು. ಮತ್ತೆ ಕೇಳಿದೆ.

"ಹೇಳಿಬಿಡೋದು ಒಳ್ಳೇದಲ್ವೇನಮ್ಮ ಅಂದೆ."

"ನಿಮ್ಮ ಲೆಕ್ಕದ ಪಾಠ ಶಾಲೇಲಿ ಇಟ್ಕೊಳ್ಳಿ ಮೇಷ್ಟ್ರೇ."

ಪಾಪ, ಕೀಬೋರ್ಡಿನ ವೈರು ಸಿಕ್ಕಿಸೋಕೆ ಹೋದರು. ಆದರೂ ಮಾತು ನುಂಗಿ ನುಂಗಿ ಆಡೋ ಅಭ್ಯಾಸ ಅವರಿಗೆ ಯಾವಾಗ ಬಂತೋ. ತರಗತೀಲಿ ಆ ಮಕ್ಕಳ ಗತಿ ಏನು!

ಮಾರ್ಚ್ 3, ಬುಧವಾರ

ಅತ್ತಿಗೆ ನೇರವಾಗಿ ಕೇಳಿದರು. ಬಟ್ಟೆ ಮಡಿಸ್ತಿದ್ದವರು ಕೈ ನಿಲ್ಲಿಸಿ, "ಪುಟ್ಟಿ, ನೀನು ದಿನಾ ಅವರ ಪಕ್ಕದಲ್ಲಿ ನುಡಿಸೋಳು. ನಿಜ ಹೇಳು, ಅವರ ಕಿವಿ ಸರಿಯಿದೆಯಾ?" ಅಂದರು.

"ಅವನ ಕಿವಿಗೇನಾಗಿದೆ ಅತ್ತಿಗೆ? ನಮ್ಮೆಲ್ಲರಿಗಿಂತ ಚುರುಕು."

ಅತ್ತಿಗೆ ನನ್ನನ್ನು ನಂಬಿದರು. ಅದೇ ಕಷ್ಟ. ಈ ಮನೇಲಿ ಸಂಗೀತದ ವಿಷಯ ನಾನು ಹೇಳಿದ್ದೇ ಕೊನೆ ಮಾತು. ಮದುವೆ ಗಿದುವೆ ಅಂತ ಹೋಗದೆ ಬೇಸನ್ನೇ ಕಟ್ಟಿಕೊಂಡು ಮೇಲಿನ ಕೋಣೇಲಿ ಇದ್ದುಬಿಟ್ಟವಳು ನಾನು, ಅಷ್ಟೂ ಗೊತ್ತಿರಲ್ವಾ ಅನ್ನೋದು ಅವರ ನಂಬಿಕೆ.

ಹೇಳಿದರೆ ಏನಾಗುತ್ತೆ ಅಂತ ಯೋಚನೆ ಮಾಡ್ತೀನಿ. ಡಾಕ್ಟರು, ಪರೀಕ್ಷೆ. ಆಮೇಲೆ ಅಣ್ಣ ಒಂದೊಂದು ಸ್ವರಕ್ಕೂ ತನ್ನ ಕಿವಿಯನ್ನೇ ಅನುಮಾನಿಸ್ತಾನೆ. ನುಡಿಸೋ ಕೈ ಅಲ್ಲಿಗೇ ಸತ್ತ ಹಾಗೆ. ಅವನ ಗಿಟಾರಿನ ಮೇಲ್ಭಾಗದಲ್ಲಿ ತೋಳು ಉಜ್ಜಿ ಉಜ್ಜಿ ವಾರ್ನಿಷ್ ಹೋಗಿ ಬರೀ ಮರ ಕಾಣುತ್ತೆ, ಅಂಗೈಯಗಲ. ಅಷ್ಟು ವರ್ಷ ಅದನ್ನು ಅಪ್ಪಿಕೊಂಡು ಕೂತವನು. ಗಿಟಾರ್ ಬಿಟ್ಟರೆ ಅಣ್ಣನಿಗೆ ಬೇರೆ ಏನೂ ಬರಲ್ಲ. ಒಂದು ಮೊಳೆ ಹೊಡೆಯೋಕೂ ಬರಲ್ಲ.

ಏಪ್ರಿಲ್ 17, ಶನಿವಾರ

ಎಂಥಾ ನುಡಿಸಿದ ಇವತ್ತು! ಅಪ್ಪ ಕಟ್ಟಿದ ನಿಧಾನದ ಹಾಡನ್ನು ಎತ್ತಿಕೊಂಡ. ಅದಕ್ಕೆ ಹೆಸರಿಲ್ಲ, ನಾವು 'ನಿಧಾನದ್ದು' ಅಂತೀವಿ. ಗೋಡೆ ಪಕ್ಕದ ಮೇಜಿನ ಗಂಡ ಹೆಂಡತಿ ಊಟ ಬಿಟ್ಟು ಕೂತರು. ಆ ಹೆಂಗಸು ಕೊನೆಗೆ ಕಣ್ಣೊರೆಸಿಕೊಂಡಳು. ಗುಡುಗು ಕೂಡ ಡ್ರಮ್ ಸವರೋ ಬ್ರಷ್ ಕೆಳಗಿಟ್ಟು ಸುಮ್ಮನೆ ಕೇಳಿದ. ನಂಗೆ ಎಷ್ಟು ಹೆಮ್ಮೆ! ಇಂಥ ಕೈಯನ್ನು ಡಾಕ್ಟರ ಮುಂದೆ ಕೂರಿಸಿ ಹಾಳುಮಾಡಬೇಕಾ? ನಾನಂತೂ ಮಾಡಲ್ಲ.

ಮೇ 29, ಶನಿವಾರ

ಗುಡುಗಿಗೆ ಚೆನ್ನಾಗಿ ಬೈದೆ. ಇತ್ತೀಚೆಗೆ ಕಾಲಿನ ಡ್ರಮ್ಮನ್ನು ಮಗುವಿಗೆ ತಟ್ಟೋ ಹಾಗೆ ತಟ್ಟುತ್ತಾನೆ. ಅದು ಕೇಳದೇ ಬೇಸ್ ನುಡಿಸೋದು ಹೇಗೆ?

"ಅಕ್ಕಾ, ಎಂದಿನ ಹಾಗೇ ಒದೀತಿದೀನಿ," ಅಂದ.

"ಊಟ ಮಾಡಿ ಒದಿ," ಅಂದೆ. ಮುಖ ಊದಿಸಿಕೊಂಡು ಕೂತ.

ನನ್ನ ಆಂಪ್ಲಿಫೈಯರೂ ಸೋತಿದೆ. ಸ್ವಲ್ಪ ಜಾಸ್ತಿ ಮಾಡಿಕೊಂಡೆ.

ಜುಲೈ 6, ಮಂಗಳವಾರ

ಬರೆಯೋ ಮನಸ್ಸಿಲ್ಲ. ಆದರೂ ಬರೀತೀನಿ. ಬರೆಯದಿದ್ದರೆ ಹುಚ್ಚು ಹಿಡಿಯುತ್ತೆ.

ಮಧ್ಯಾಹ್ನ ನಾನು ಮೇಲೆ ನನ್ನ ಕೋಣೇಲಿ ತಂತಿ ಬದಲಾಯಿಸ್ತಿದ್ದೆ. ಅತ್ತಿಗೆ ಓಡಿ ಬಂದು ಭುಜ ಹಿಡಿದು ಅಲ್ಲಾಡಿಸಿದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮನೆ ಅದುರೋ ಹಾಗೆ ಸದ್ದಾಯಿತಂತೆ, ಅವರು ಕಿರುಚಿದರಂತೆ, ಕೆಳಗಿನಿಂದ ಎಷ್ಟು ಸಲ ಕರೆದರಂತೆ. ನಾನು ಕೆಲಸದಲ್ಲಿ ಮುಳುಗಿದ್ದೆ, ಕೇಳಲಿಲ್ಲ.

ಅಣ್ಣ ಗೋಡೆ ಬುಡದಲ್ಲಿ ಬಿದ್ದಿದ್ದ. ಮುದುಕನ ಹಿಂದಿನ ಹಲಗೆ ಬಿಚ್ಚಿತ್ತು. ಒಂದು ವಾಲ್ವು ಅಲ್ಲಾಡುತ್ತೆ ಅಂತ ಎರಡು ದಿನದಿಂದ ಹೇಳ್ತಿದ್ದ. ಸ್ವಿಚ್ಚನ್ನು ಕೆಳಗೆ ಒತ್ತಿದ್ದಾನೆ. ಆ ಹಾಳು ಸ್ವಿಚ್ಚು ಆಫ್ ಆಗಿಲ್ಲ. ಪೆಟ್ಟಿಗೆಯೊಳಗೆ ಎಡಗೈ ಹಾಕಿದ್ದಾನೆ.

"ಗೂಂ ಅಂತಲೇ ಇತ್ತು ಪುಟ್ಟಿ, ಅವರು ಬಿದ್ದ ಮೇಲೂ ಗೂಂ ಅಂತಲೇ ಇತ್ತು," ಅಂತ ಅತ್ತಿಗೆ ಅಳ್ತಾ ಅದೊಂದನ್ನೇ ಹೇಳಿದರು. ನಂಗೆ ಆ ಗಾಬರೀಲಿ ಗೂಂ ಕೇಳಿಸಲಿಲ್ಲ. ಪ್ಲಗ್ಗನ್ನೇ ಕಿತ್ತು ಎಸೆದೆ.

ಪಕ್ಕದ ಮನೆಯವರ ಕಾರಲ್ಲಿ ಆಸ್ಪತ್ರೆಗೆ ಹೋದೆವು. ಜೀವಕ್ಕೆ ಅಪಾಯವಿಲ್ಲ ಅಂದರು. ಎಡಗೈಯ ಎರಡು ಬೆರಳ ತುದಿ ಸುಟ್ಟಿದೆ. ತಂತಿ ಒತ್ತೋ ಬೆರಳು.

ಜುಲೈ 7, ಬುಧವಾರ

ಗೊರಕೆ ನಿಂತಿದೆ ಅಂತ ಹೇಳಿದವಳು ನಾನು.

ಜುಲೈ 11, ಭಾನುವಾರ

ಕೈ ನೋಡೋ ಡಾಕ್ಟರು ಏನು ಕೇಳಿದರೂ ಅಣ್ಣ ಬೇರೇನೋ ಉತ್ತರ ಕೊಡ್ತಿದ್ದ. ಅವರಿಗೆ ಅನುಮಾನ ಬಂದು ಕಿವಿ ಡಾಕ್ಟರನ್ನು ಕರೆಸಿದರು. ಕಿವಿ ಡಾಕ್ಟರು ಒಬ್ಬ ಹೆಂಗಸು, ಮೆಲುದನಿ. ನಾನು ಮುಂದೆ ಬಾಗಿ ಕೂತು ಕೇಳಿಸಿಕೊಂಡೆ. ಕಿವಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಒಂದು ಎಲುಬಿದೆಯಂತೆ, ಸದ್ದಿಗೆ ಅಲ್ಲಾಡೋದು. ಅದು ವರ್ಷಗಳಿಂದ ಗಟ್ಟಿಯಾಗ್ತಾ ಬಂದಿದೆ. ಮೊದಲು ಹೋಗೋದು ತಗ್ಗಿನ ಸದ್ದು. ಗದ್ದಲದ ಮಧ್ಯೆ ಚೆನ್ನಾಗೇ ಕೇಳುತ್ತೆ, ಅದಕ್ಕೇ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಬೇಗ ಬಂದಿದ್ದರೆ ಆಪರೇಷನ್ನಲ್ಲಿ ಸರಿಮಾಡಬಹುದಿತ್ತು, ಈಗ ಒಳಗಿನ ನರವೂ ಸೋತಿದೆ, ಇನ್ನು ಮೆಷಿನ್ ಒಂದೇ ದಾರಿ.

"ಮನೇಲಿ ಇನ್ಯಾರಿಗಾದರೂ ಇತ್ತಾ?"

"ನಮ್ಮಮ್ಮನಿಗೆ," ಅಂದೆ.

"ಇದು ಮನೆತನದಲ್ಲಿ ಬರೋದು. ನೀವೂ ಒಂದು ಸಲ ತೋರಿಸಿಕೊಳ್ಳಿ. ಹೆಂಗಸರಲ್ಲೇ ಜಾಸ್ತಿ."

"ನನ್ನ ಕಿವಿ ಬಲು ಚುರುಕು ಡಾಕ್ಟರೇ," ಅಂದೆ. ಈಗ ನನ್ನ ಕಿವಿ ಕಟ್ಟಿಕೊಂಡು ಏನಾಗಬೇಕು!

ಆಮೇಲೆ ಕೋಣೇಲಿ ಅಣ್ಣ, ನಾನು ಇಬ್ಬರೇ. ಡಾಕ್ಟರು ಎಲ್ಲವನ್ನೂ ಒಂದು ಹಾಳೇಲಿ ಬರೆದು ಅವನಿಗೆ ಕೊಟ್ಟಿದ್ದರು. ಅದನ್ನು ಓದಿ ಮಡಿಸಿ ಇಟ್ಟು, ನನ್ನ ಕಡೆ ನೋಡಿದ.

"ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಕ್ಕಾಗಲಿಲ್ಲ. ತಲೆ ಆಡಿಸಿದೆ.

"ಯಾವಾಗಿಂದ?"

"ಗೊರಕೆ ನಿಂತಿದೆ ಅಂದ್ಯಲ್ಲ, ಅವತ್ತಿಂದ." ಅವನಿಗೆ ಕೇಳಲಿ ಅಂತ ಜೋರಾಗಿ ಹೇಳಬೇಕಾಯಿತು. ಬಾಗಿಲಾಚೆ ಹೋಗ್ತಿದ್ದವರೆಲ್ಲ ತಿರುಗಿ ನೋಡಿದರು. ಅಂಥ ಮಾತನ್ನು ಕಿರುಚಿ ಹೇಳೋ ಪಾಡು ಶತ್ರುವಿಗೂ ಬೇಡ.

"ಮತ್ತೆ ಗಿಟಾರಿನ ಸದ್ದು ಕಮ್ಮಿಯಾಗಿದ್ದು? ನಾಲ್ಕಕ್ಕೆ ಇಟ್ರೂ ಏನೂ ಇಲ್ವಲ್ಲ ಅಂತ ವಾಲ್ವಿನ ಮೇಲೆ ಅನುಮಾನ ಪಟ್ಟೆ ನಾನು. ಅದಕ್ಕೇ ಹಿಂದಿನ ಹಲಗೆ ಬಿಚ್ಚಿದ್ದು. ಅದೂ ನೀನೇನಾ?"

ಅದೂ ನಾನೇ.

ಅವನು ಬ್ಯಾಂಡೇಜಿನ ಕೈ ನೋಡಿಕೊಂಡ. ಬೈಲಿ, ಎರಡು ಬಾರಿಸಲಿ ಅಂತ ಕಾದೆ.

"ಹೇಳಿದ್ದಿದ್ರೆ ಪ್ಲಗ್ ಕಿತ್ತಿರ್ತಿದ್ದೆ," ಅಂದು ಗೋಡೆ ಕಡೆ ತಿರುಗಿ ಮಲಗಿದ.

ಜುಲೈ 24, ಶನಿವಾರ

ಅಣ್ಣನಿಲ್ಲದೆ ನುಡಿಸಿದೆವು. ಅವನು ನಿಲ್ಲೋ ಜಾಗ ಖಾಲಿ ಬಿಟ್ಟಿದ್ದೆವು. ಬಡಿಸೋರು ನಮ್ಮ ಪಕ್ಕದಿಂದ ಹೋಗೋದು ಬಿಟ್ಟು ಆ ಜಾಗದಲ್ಲೇ ಓಡಾಡಿದರು.

ಮನೇಲಿ ಮಾತಿಲ್ಲ. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ.

ಆಗಸ್ಟ್ 28, ಶನಿವಾರ

ಬ್ಯಾಂಡೇಜ್ ಬಿಚ್ಚಿ ವಾರಗಳಾದವು. ಬೆರಳ ತುದಿ ಮೇಣದ ಹಾಗೆ ನುಣ್ಣಗೆ ಹೊಳೆಯುತ್ತೆ. ಇವತ್ತು ಗಿಟಾರ್ ತೆಗೆದ. ನಾನು ಮೆಟ್ಟಿಲ ಮೇಲೆ ಕೂತು ನೋಡಿದೆ. ತಂತಿ ಮೇಲೆ ಬೆರಳಿಟ್ಟು ಒತ್ತಿದ, ಒತ್ತಿದ್ದೇನೋ ಇಲ್ಲವೋ ಅಂತ ಬಗ್ಗಿ ಕಣ್ಣಲ್ಲಿ ನೋಡಿಕೊಂಡ. ಆ ಬೆರಳಿಗೆ ತಂತಿ ತಾಗಿದ್ದೇ ತಿಳಿಯಲ್ಲ. ಮೂರು ಸಲ ಪ್ರಯತ್ನ ಮಾಡಿ, ಗಿಟಾರನ್ನು ಬಟ್ಟೆಯಿಂದ ಒರೆಸಿ, ಪೆಟ್ಟಿಗೇಲಿ ಮಲಗಿಸಿ, ಎರಡೂ ಚಿಲಕ ಹಾಕಿದ. ಆತುರವೇ ಇಲ್ಲ. ನಾನು ಮೇಲೆ ಬಂದು ದಿಂಬಿಗೆ ಮುಖ ಒತ್ತಿ ಅತ್ತೆ. ನನ್ನ ನಾಲಿಗೆ ಸೇದಿಹೋಗಬಾರದಿತ್ತಾ ಅವತ್ತು, ಅದೊಂದು ಮಾತು ಹೇಳೋ ಮುಂಚೆ.

ಕಿವಿಗೆ ಮೆಷಿನ್ ಬಂದಿದೆ. ಮೊದಲ ದಿನ ನಲ್ಲಿ ತೊಟ್ಟಿಕ್ಕೋ ಸದ್ದಿಗೆ ಬೆಚ್ಚಿಬಿದ್ದನಂತೆ. "ನಮ್ಮನೇಲಿ ಇಷ್ಟೆಲ್ಲ ಸದ್ದಿದೆಯೇನೇ? ನೀನು ಪಾತ್ರೆ ತೊಳೀತೀಯೋ ಯುದ್ಧ ಮಾಡ್ತೀಯೋ?" ಅಂದನಂತೆ. ಅತ್ತಿಗೆ ನಗ್ತಾ ಹೇಳಿದರು. ಎಷ್ಟು ತಿಂಗಳಾಗಿತ್ತು ಅವರು ನಕ್ಕು. ಅವನು ಅದನ್ನು ನಂಗೂ ಹೇಳಬಹುದಿತ್ತು.

ಅಕ್ಟೋಬರ್ 2, ಶನಿವಾರ

ಸಾಕಾಯಿತು ನಂಗೆ ಈ ಹೋಟೆಲು. ಮ್ಯಾನೇಜರ್ ನೆಟ್ಟಗೆ ನನ್ನ ಮುಂದೆ ಬಂದು, "ನಿಮ್ಮ ಬೇಸಿಗೆ ಮೇಜಿನ ಮೇಲೆ ಲೋಟ ಅಲ್ಲಾಡ್ತಿವೆ ಮೇಡಂ," ಅಂದರು. ಲೋಟ ಅಲ್ಲಾಡಿದರೆ ಮೇಜು ರಿಪೇರಿ ಮಾಡಿಸಿ ಅಂದೆ. ಎರಡನೇ ಹಾಡಿಗೆ ಮೇಷ್ಟ್ರು ಬಂದು ನನ್ನ ವಾಲ್ಯೂಮನ್ನು ತಾವೇ ಕಮ್ಮಿ ಮಾಡಿದರು. ನಾನು ಮತ್ತೆ ಏರಿಸಿದೆ. ಎಲ್ಲರೆದುರು ಜಗಳವಾಡೋದೊಂದೇ ಬಾಕಿ.

ನಂಗೆ ಗೊತ್ತು ಇವರ ಮನಸ್ಸಲ್ಲಿ ಏನಿದೆ ಅಂತ. ಅಣ್ಣನ ಕೈ ಸುಟ್ಟವಳು ಇವಳೇ ಅಂತ. ನನ್ನ ಎದುರು ಸರಿಯಾಗಿ ಮಾತೂ ಆಡಲ್ಲ, ಪಿಸಪಿಸ ಅಂತಾರೆ. ಗುಡುಗು ಕೂಡ. ಅಂತಾರಾದರೆ ಅನ್ನಲಿ, ಸುಳ್ಳೇನಲ್ಲವಲ್ಲ.

ನವೆಂಬರ್ 10, ಬುಧವಾರ

ಅಣ್ಣ ಮಾತಾಡಿದ!

ಊಟ ಮಾಡ್ತಾ ತಟ್ಟೆ ನೋಡಿಕೊಂಡೇ, "ಮುದುಕನಿಗೆ ಹೊಸ ಸ್ವಿಚ್ಚು ಹಾಕಿಸ್ಕೊಂಡು ಬಾ. ದೀಪನೂ ಹಾಕಿಸು. ನಾಳೆ ನೀನು ಕೈ ಹಾಕೋಳೇ, ಇನ್ನೊಬ್ಬರ ಬೆರಳು ಹೋಗೋದು ಬೇಡ," ಅಂದ.

ಮಧ್ಯಾಹ್ನವೇ ಹೊತ್ತುಕೊಂಡು ಹೋದೆ. ರಿಪೇರಿಯವನು ಬಿಚ್ಚಿ ನೋಡಿದ. ಸ್ವಿಚ್ಚು, ದೀಪ ವಾರದಲ್ಲಿ ಆಗುತ್ತೆ ಅಂದ. ಆಮೇಲೆ ಏನೋ ಅಂದ, ಅಂಗಡಿ ಮುಂದೆ ಲಾರಿ ಹೋಗ್ತಿತ್ತು, ಎರಡನೇ ಸಲ ಹೇಳಿಸಿಕೊಂಡೆ.

"ಈ ಗೂಂ ಟ್ರಾನ್ಸ್‌ಫಾರ್ಮರಿಂದು. ಅದನ್ನೇ ಬದಲಾಯಿಸದೆ ಹೋಗಲ್ಲ. ಬದಲಾಯಿಸ್ಲಾ?"

"ಬೇಡ. ಅದೊಂದನ್ನ ಮುಟ್ಟಬೇಡಿ," ಅಂದೆ. ಅಪ್ಪ ಇದ್ದ ಮನೇಲಿ ಇದ್ದ ಸದ್ದು ಅದು. ಗೊರಕೆ ಇಲ್ಲದ ಮುದುಕ ನಂಗೆ ಬೇಡ.

ನವೆಂಬರ್ 21, ಭಾನುವಾರ

ಎಲ್ಲಿಂದ ಶುರುಮಾಡಲಿ.

ಬೆಳಗ್ಗೆ ತಿರುಗಿ ನೋಡಿದರೆ ಅಣ್ಣ ನನ್ನ ಕೋಣೆ ಬಾಗಿಲಲ್ಲಿ ನಿಂತಿದ್ದ. ಮೆಟ್ಟಿಲು ಹತ್ತಿದ್ದೇ ಗೊತ್ತಾಗಲಿಲ್ಲ. ಎಷ್ಟೋ ಸಲ ಕೂಗಿದೆ ಅಂದ.

"ಕೆಳಗೆ ಬಾ. ನನ್ನ ಗಿಟಾರ್ ತಗೊಂಡು ನಿಧಾನದ್ದು ನುಡಿಸು. ಮೆಷಿನ್ ಹಾಕ್ಕೊಂಡು ಒಂದು ಸಲ ಕೇಳ್ಬೇಕು ನಂಗೆ."

ಅವನ ಗಿಟಾರನ್ನು ನಾನು ಯಾವತ್ತೂ ಮಡಿಲಿಗೆ ತಗೊಂಡವಳಲ್ಲ. ತೋಳಿಟ್ಟರೆ ಆ ಸವೆದ ಜಾಗಕ್ಕೇ ಬಂತು. ಮುದುಕ ರಿಪೇರಿಯಾಗಿ ಬಂದು ಮೂಲೇಲಿ ಕೂತಿದ್ದ. ಹೊಸ ಸ್ವಿಚ್ಚು ಒತ್ತಿದೆ. ಕೆಂಪು ದೀಪ ಹತ್ತಿತು. ಎಷ್ಟು ವರ್ಷದ ಮೇಲೆ! ಮೂವರೂ ಅದನ್ನೇ ನೋಡ್ತಾ ಕಾದೆವು. ಅತ್ತಿಗೆ ಮೇಜಿನ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದರು. ವಾಲ್ವು ಬಿಸಿಯಾಯಿತು, ಧೂಳಿನ ವಾಸನೆ ಬಂತು. ಕಾದೆ. ಇನ್ನೂ ಕಾದೆ.

ಏನೂ ಇಲ್ಲ.

"ಅಣ್ಣಾ, ನೋಡಿದ್ಯಾ ಆ ರಿಪೇರಿಯವನ ಕೆಲಸಾನ! ಗೊರಕೆ ನಿಲ್ಲಿಸಿಬಿಟ್ಟಿದಾನೆ! ಮುಟ್ಟಬೇಡಿ ಅಂತ ಬಾಯಿ ಬಡ್ಕೊಂಡು ಹೇಳಿದ್ದೆ!"

ಅತ್ತಿಗೆಯ ಕೈ ನಿಂತಿತು. ಅಣ್ಣ ಕಿವಿಯ ಮೆಷಿನ್ ಮುಟ್ಟಿ ನೋಡಿಕೊಂಡ. ಅತ್ತಿಗೆ ಕಡೆ ನೋಡಿದ, ಅತ್ತಿಗೆ ಅವನ ಕಡೆ ನೋಡಿದರು. ಆಮೇಲೆ ಅವನು ನನ್ನ ಮುಖವನ್ನೇ ನೋಡ್ತಾ ಕೂತ. ಹೋಟೆಲಿನಲ್ಲಿ ಅವತ್ತು ನನ್ನ ಮುಖವೂ ಹೀಗೇ ಇತ್ತೇನೋ.

"ಇಲ್ಲ ಪುಟ್ಟಿ," ಅಂದ. "ನಿಂತಿಲ್ಲ."

"ತಮಾಷೆ ಮಾಡ್ಬೇಡ."

ಅವನು ಎದ್ದು ಬಂದು ನನ್ನ ಕೈ ಹಿಡಿದು ಮುದುಕನ ನೆತ್ತಿ ಮೇಲೆ ಇಟ್ಟ. ಅದರ ಮೇಲೆ ತನ್ನ ಕೈ ಇಟ್ಟ. ಮರ ನಡುಗ್ತಿತ್ತು.

ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ಮೆಷಿನ್ ಕೆಟ್ಟಿದೆ ಅಂದೆ, ನನ್ನ ಮೇಲೆ ಸೇಡು ತೀರಿಸಿಕೊಳ್ತಿದೀಯ ಅಂದೆ, ಅತ್ತಿಗೆ ನೀವು ಹೇಳಿ ಅಂದೆ. ಅತ್ತಿಗೆ ಕಣ್ಣಲ್ಲಿ ನೀರು ತುಂಬಿಕೊಂಡು, "ಕೇಳ್ತಿದೆ ಪುಟ್ಟಿ, ಜೋರಾಗೇ ಕೇಳ್ತಿದೆ," ಅಂದರು. ಈರುಳ್ಳಿಯ ನೀರು ಅಂದುಕೊಳ್ಳೋಕೆ ನೋಡಿದೆ, ಆಗಲಿಲ್ಲ.

ಅಣ್ಣ ನನ್ನ ಕೈ ಬಿಡದೆ, ಇನ್ನೊಂದು ಕೈಯಿಂದ ಸ್ವಿಚ್ಚು ಕೆಳಗೆ ಒತ್ತಿದ. ದೀಪ ಆರಿತು. ಅಂಗೈ ಕೆಳಗಿನ ನಡುಕ ಒಂದು ಮೆಟ್ಟಿಲು ಇಳಿಯಿತು, ಸಣ್ಣದಾಯಿತು, ಪೂರ್ತಿ ನಿಂತಿತು. ಅಪ್ಪ ಹೇಳಿಕೊಟ್ಟ ಹಾಗೇ. ಆಗ ನಂಬಿದೆ.

ಡ್ರಮ್ಮು ಮೆತ್ತಗಾಗಿರಲಿಲ್ಲ. ಮೇಷ್ಟ್ರು ಮಾತು ನುಂಗ್ತಿರಲಿಲ್ಲ. ಅತ್ತಿಗೆ ಅವತ್ತು ಕೆಳಗಿನಿಂದ ಕಿರುಚಿದ್ದರು.

"ನಿಂತಿದೆ ಅಂತ ಅನ್ನಬಾರದಿತ್ತಾ ಅಣ್ಣ?" ಅಂದೆ. ಎಷ್ಟು ಅತ್ತೆ ಅಂದರೆ ಮಾತೇ ಸರಿಯಾಗಿ ಹೊರಡಲಿಲ್ಲ. "ಒಂದು ಹಾಡು ನುಡಿಸೋವರೆಗಾದ್ರೂ?"

"ಅನ್ನಬಹುದಿತ್ತು," ಅಂದ. ನನಗೆ ಕಾಣೋ ಹಾಗೆ ಮುಖ ನನ್ನ ಕಡೆ ಮಾಡಿ, ಬಿಡಿಸಿ ಬಿಡಿಸಿ ಹೇಳಿದ. ನಾನು ಅವನಿಗೆ ಯಾವತ್ತೂ ಹಾಗೆ ಹೇಳಿರಲಿಲ್ಲ. "ಹೇಳದೇ ಇದ್ರೆ ಏನಾಗುತ್ತೆ ಅಂತ ನಂಗೆ ಗೊತ್ತಲ್ಲ. ನಾಳೆ ಡಾಕ್ಟರ ಹತ್ರ ಹೋಗೋಣ. ನಿಂದು ಇನ್ನೂ ಹೊತ್ತು ಮೀರಿರಲಿಕ್ಕಿಲ್ಲ. ಮೀರಿದ್ರೂ ನಾನು ಪಕ್ಕದಲ್ಲೇ ಕೂತಿರ್ತೀನಿ."

ಆಮೇಲೆ ಮತ್ತೆ ಆನ್ ಮಾಡಿದ. ದೀಪ ಹತ್ತಿತು. ಮೊಣಕಾಲನ್ನು ಪೆಟ್ಟಿಗೆಗೆ ಒತ್ತಿಕೊಂಡು ನಾನು ನಿಧಾನದ್ದನ್ನು ಮೊದಲಿಂದ ಕೊನೆವರೆಗೂ ನುಡಿಸಿದೆ. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ಎಲ್ಲೆಲ್ಲಿ ತಪ್ಪಿದೆ ಅಂತ ಕೇಳಿದೆ.

ಬೇಕಾದಷ್ಟು ಕಡೆ ತಪ್ಪಿತ್ತು. ಒಂದನ್ನೂ ಬಿಡದೆ ಹೇಳಿದ.